ಕಡಿಮೆ ಬಡ್ಡಿಯ ಸಾಲ: ಎಸ್‌ಯುವಿ ಕೊಳ್ಳುವ ಮುನ್ನ ಪೂರ್ಣ ಲೆಕ್ಕ

ದಸರಾ, ದೀಪಾವಳಿ ಸಮೀಪಿಸುತ್ತಿದ್ದಂತೆ ವಾಹನ ಮಳಿಗೆಗಳ ಮುಂದೆ ಕಡಿಮೆ ಬಡ್ಡಿಯ ಸಾಲದ ಫಲಕಗಳು ಕಾಣಿಸಿಕೊಳ್ಳುತ್ತವೆ. ಯಂತ್ರವೊಂದನ್ನು ಕೊಳ್ಳಲು ಹತ್ತು ಬಾರಿ ಯೋಚಿಸುವ ಉದ್ಯಮಿಯೂ ಎಸ್‌ಯುವಿ ವಿಷಯದಲ್ಲಿ ಮಾಸಿಕ ಕಂತೆಷ್ಟು ಎಂದಷ್ಟೇ ಕೇಳಿ ಸಹಿ ಹಾಕುವುದುಂಟು. ವಾಹನವೂ ಬಂಡವಾಳ ವೆಚ್ಚವೇ ಆದುದರಿಂದ ಅದನ್ನೂ ಅದೇ ಶಿಸ್ತಿನಿಂದ ತೂಗಬೇಕು.

ಬಡ್ಡಿಯೋ, ರಿಯಾಯಿತಿಯೋ?

ಷೋರೂಂ ಬೆಲೆ ರೂ. 15 ಲಕ್ಷ, ಸಾಲ ರೂ. 12 ಲಕ್ಷ, ಅವಧಿ 5 ವರ್ಷ ಎಂದಿಟ್ಟುಕೊಳ್ಳೋಣ. ಶೇ. 7ರ ವಿಶೇಷ ದರದಲ್ಲಿ ಮಾಸಿಕ ಕಂತು ರೂ. 23,761, ಶೇ. 9ರ ಸಾಮಾನ್ಯ ದರದಲ್ಲಿ ರೂ. 24,910. ಐದು ವರ್ಷಗಳ ಒಟ್ಟು ಉಳಿತಾಯ ಸುಮಾರು ರೂ. 69,000. ಆದರೆ ವಿಶೇಷ ದರ ಪಡೆದವರಿಗೆ ನಗದು ರಿಯಾಯಿತಿ ಇಲ್ಲವೆಂಬ ಷರತ್ತಿದ್ದರೆ ಚಿತ್ರ ಬದಲಾಗುತ್ತದೆ. ರೂ. 60,000 ರಿಯಾಯಿತಿ ಪಡೆದು, ಶೇ. 9ರಂತೆ ರೂ. 11.40 ಲಕ್ಷ ಮಾತ್ರ ಸಾಲ ಮಾಡಿದರೆ ಕಂತು ರೂ. 23,665. ಅಂದರೆ ಹೆಚ್ಚು ಬಡ್ಡಿಯ ಸಾಲವೇ ಅಗ್ಗ!

‘ಫ್ಲ್ಯಾಟ್’ ದರದ ಬಗೆಗೂ ಎಚ್ಚರ ಅಗತ್ಯ. ಇಲ್ಲಿ ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ ಬೀಳುತ್ತದೆ. ಐದು ವರ್ಷದ ಸಾಲಕ್ಕೆ ಶೇ. 5ರ ಫ್ಲ್ಯಾಟ್ ದರವು, ಇಳಿಯುವ ಅಸಲಿನ ಲೆಕ್ಕದಲ್ಲಿ ಶೇ. 9ನ್ನು ಮೀರುತ್ತದೆ. 2024ರ ಅಕ್ಟೋಬರ್ 1ರಿಂದ ರಿಟೇಲ್ ಹಾಗೂ ಎಂಎಸ್‌ಎಂಇ ಅವಧಿ ಸಾಲಗಳಿಗೆ ಮುಖ್ಯಾಂಶಗಳ ವಿವರಣಾ ಪತ್ರ ನೀಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯಗೊಳಿಸಿದೆ. ಶುಲ್ಕಗಳೂ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ನೋಡಿಯೇ ಹೋಲಿಸಬೇಕು.

ತೆರಿಗೆಯ ಹೊರೆ

ಕರ್ನಾಟಕದಲ್ಲಿ ರೂ. 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಶೇ. 17 ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಶೇ. 11 ಸೆಸ್. ಮೇಲಿನ ವಾಹನಕ್ಕೆ ಇದು ರೂ. 2,83,050. ಶೇ. 7ರ ಸಾಲದ ಐದು ವರ್ಷಗಳ ಇಡೀ ಬಡ್ಡಿಯಾದರೋ ಸುಮಾರು ರೂ. 2.26 ಲಕ್ಷ ಮಾತ್ರ.

2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್, ಡೀಸೆಲ್ ಎಸ್‌ಯುವಿಗಳ ಮೇಲೆ ಜಿಎಸ್‌ಟಿ ಶೇ. 40. ಅಂಥ ವಾಹನದ ರೂ. 15 ಲಕ್ಷ ಬೆಲೆಯಲ್ಲಿ ಸುಮಾರು ರೂ. 4.29 ಲಕ್ಷ ಈ ತೆರಿಗೆಯೇ. ಸಂಸ್ಥೆಯ ಹೆಸರಿನಲ್ಲಿ ಕೊಂಡ ಮಾತ್ರಕ್ಕೆ ಇದರ ಹೂಡುವಳಿ ತೆರಿಗೆ ಜಮೆ ದೊರೆಯದು. ವಾಹನ ಮಾರಾಟ, ಪ್ರಯಾಣಿಕರ ಸಾಗಾಟ, ಚಾಲನಾ ತರಬೇತಿಯಂತಹ ಉದ್ಯಮಗಳಿಗಷ್ಟೇ ವಿನಾಯಿತಿ ಉಂಟು. ಆದಾಯ ತೆರಿಗೆಯಲ್ಲಿ ಶೇ. 15 ಸವಕಳಿ ಸಿಗುವುದಾದರೂ ಸ್ವಂತ ಬಳಕೆಯ ಪಾಲನ್ನು ಕಳೆಯಬೇಕು. ವಹಿವಾಟಿನ ಇಂತಿಷ್ಟು ಶೇಕಡಾ ಲಾಭವೆಂದು ಅಂದಾಜು ಆದಾಯ ಘೋಷಿಸುವ ವ್ಯಾಪಾರಸ್ಥರಿಗಂತೂ ಸವಕಳಿ, ಬಡ್ಡಿ ಯಾವುದೂ ಪ್ರತ್ಯೇಕವಾಗಿ ದಕ್ಕದು.

ಆನೆ ಸಾಕುವ ವೆಚ್ಚ

ವರ್ಷಕ್ಕೆ 15,000 ಕಿ.ಮೀ. ಓಟ, ಲೀಟರಿಗೆ 12 ಕಿ.ಮೀ., ಇಂಧನ ಲೀಟರಿಗೆ ರೂ. 90 ಎಂದು ಎಣಿಸಿದರೆ ವಾರ್ಷಿಕ ಇಂಧನ ವೆಚ್ಚ ರೂ. 1,12,500. ಲೀಟರಿಗೆ 18 ಕಿ.ಮೀ. ಕೊಡುವ ಕಾರಿಗೆ ಇದು ರೂ. 75,000. ಐದು ವರ್ಷಗಳ ವ್ಯತ್ಯಾಸವೇ ರೂ. 1,87,500. ವಿಮೆ, ಟೈರು, ಸರ್ವಿಸ್ ಬೇರೆ. ಐದು ವರ್ಷಗಳ ಬಳಿಕ ವಾಹನ ಅರ್ಧ ಬೆಲೆಗೆ ಮಾರಾಟವಾದರೆ ಇನ್ನೂ ರೂ. 7.5 ಲಕ್ಷ ಕರಗಿದಂತೆ.

ದುಡಿಯುವ ಬಂಡವಾಳ

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಇದು. ಆರಂಭಿಕ ಪಾವತಿ ರೂ. 3 ಲಕ್ಷ, ಜೀವಿತಾವಧಿ ತೆರಿಗೆ, ವಿಮೆ, ಮುಂದೆ ಆದಾಯ ತೆರಿಗೆಗೆ ಹೊಂದಾಣಿಕೆಯಾಗುವ ಶೇ. 1 ಟಿಸಿಎಸ್ ಸೇರಿ ರೂ. 6 ಲಕ್ಷಕ್ಕೂ ಮಿಕ್ಕಿ ಹಣ ಒಮ್ಮೆಲೇ ಹೊರಹೋಗುತ್ತದೆ. ಇದನ್ನು ಕ್ಯಾಷ್ ಕ್ರೆಡಿಟ್ ಖಾತೆಯಿಂದ ತೆಗೆದರೆ, ಶೇ. 11ರಂತೆ ಒಂದೇ ವರ್ಷಕ್ಕೆ ರೂ. 66,000 ಬಡ್ಡಿ. ವಿಶೇಷ ದರದಿಂದ ಐದು ವರ್ಷಗಳಲ್ಲಿ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಸರಕು ಕೊಳ್ಳುವ ಹಂಗಾಮಿನಲ್ಲಿ ಕೈಯಲ್ಲಿ ಹಣವಿಲ್ಲದಿದ್ದರೆ ಆಗುವ ನಷ್ಟ ಇದಕ್ಕೆ ಸೇರಿಲ್ಲ.

ಆದುದರಿಂದ ಬಡ್ಡಿದರವನ್ನು ಕೊನೆಗೆ ಕೇಳಬೇಕು. ಈ ವಾಹನ ವ್ಯವಹಾರಕ್ಕೆ ಬೇಕೇ, ಐದು ವರ್ಷಗಳ ಪೂರ್ಣ ವೆಚ್ಚವೆಷ್ಟು, ದುಡಿಯುವ ಬಂಡವಾಳವನ್ನು ಮುಟ್ಟದೆ ಅದನ್ನು ಭರಿಸಬಹುದೇ ಎಂಬ ಮೂರು ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ದೊರೆತಲ್ಲಿ ಕಡಿಮೆ ಬಡ್ಡಿ ನಿಜವಾಗಿಯೂ ಲಾಭ. ಇಲ್ಲವಾದಲ್ಲಿ ಅದು ದುಬಾರಿ ಖರೀದಿಗೆ ಅಗ್ಗದ ಆಹ್ವಾನವಷ್ಟೆ.