ತಾತನ ಕ್ಯಾಸೆಟ್‌ಗೆ ಬೀಗ ಹಾಕಿದವರು ಯಾರು?

‘ಸತಿ ಸುಲೋಚನ’ ನೋಡಿದ್ದೀರಾ? ಇಲ್ಲ ಬಿಡಿ. ನೀವೂ ನೋಡಿಲ್ಲ, ನಾನೂ ನೋಡಿಲ್ಲ! 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ಕನ್ನಡದ ಮೊಟ್ಟಮೊದಲ ವಾಕ್ಚಿತ್ರವದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಅಂಥ ಚಿತ್ರದ ಒಂದೇ ಒಂದು ಪ್ರಿಂಟೂ ಉಳಿದಿಲ್ಲ. ಯಾರಾದರೂ ಒಂದು ಪ್ರತಿ ಜೋಪಾನ ಮಾಡಿದ್ದರೆ...?

ಮೊದಲ ಚಿತ್ರಕ್ಕೇ ಈ ಗತಿ ಬಂದ ಮೇಲೆ, ನಮ್ಮ ಮನೆ ಅಟ್ಟದ ಕ್ಯಾಸೆಟ್‌ಗಳ ಪಾಡೇನು ಸ್ವಾಮಿ? ಅರಸೀಕೆರೆ ತಾಲ್ಲೂಕಿನ ಗಂಡಸಿಯಲ್ಲಿ ಹಳೇ ಕ್ಯಾಸೆಟ್, ವಿ.ಸಿ.ಡಿ., ಡಿ.ವಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕಸುಬು. ಮದುವೆ, ನಾಮಕರಣ, ಜಾತ್ರೆ, ನಾಟಕ... ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಬಂದ ಹತ್ತರಲ್ಲಿ ಒಂದಾದರೂ ತಕರಾರು ಮಾಡದೆ ಬಿಡದು!

ದುರ್ಯೋಧನನಿಗೇ ದಿಗ್ಬಂಧನ!

ಪಕ್ಕದ ಹಳ್ಳಿಯ ಹುಡುಗನೊಬ್ಬ ಒಂದು ಕ್ಯಾಸೆಟ್ ತಂದ. 1990ರ ದಶಕದಲ್ಲಿ ಊರ ಹಬ್ಬಕ್ಕೆ ಆಡಿದ ‘ಕುರುಕ್ಷೇತ್ರ’ ನಾಟಕ. “ನಮ್ ತಾತ ದುರ್ಯೋಧನ ಕಣಣ್ಣ. ಅವರ ದನಿ ಇರೋದು ಇದೊಂದ್ರಲ್ಲೇ. ಹೆಂಗಾರಾ ಮಾಡಿ ಉಳಿಸ್ಕೊಡಣ್ಣ” ಅಂದ. ತಾತ ತೀರಿಕೊಂಡು ಬಹಳ ವರ್ಷಗಳಾಗಿವೆಯಂತೆ.

ವಿ.ಸಿ.ಆರ್.ಗೆ ಹಾಕಿದೆ. ಟಿ.ವಿ.ಯಲ್ಲಿ ಚಿತ್ರ ತುಸು ನಡುಗಿದರೂ ಬಂತು. ಕಂಪ್ಯೂಟರಿಗೆ ಇಳಿಸಹೊರಟರೆ ಕ್ಯಾಪ್ಚರ್ ಡಬ್ಬಿ ಹಟ ಹಿಡಿಯಿತು: ‘ಇದು ಕಾಪಿ ರಕ್ಷಣೆ ಇರುವ ಕ್ಯಾಸೆಟ್, ಇಳಿಸಲಾಗದು!’ ಹುಡುಗನ ಮುಖ ಬಾಡಿತು. “ಅಲ್ಲಣ್ಣ, ನಮ್ಮೂರ ನಾಟಕಕ್ಕೆ ಬೀಗ ಹಾಕ್ದೋರು ಯಾರಣ್ಣ?”

ಯಾರೂ ಹಾಕಿಲ್ಲ! ಕಥೆ ಕೇಳಿ. ಸಿನಿಮಾ ಕ್ಯಾಸೆಟ್‌ಗಳ ಕಳ್ಳಪ್ರತಿ ತಡೆಯಲು 1980ರ ದಶಕದ ನಡುವೆ ‘ಮ್ಯಾಕ್ರೋವಿಷನ್’ ಎಂಬ ಉಪಾಯ ಬಂತು. ವಿಡಿಯೋದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕಣ್ಣಿಗೆ ಕಾಣದ ಕೆಲವು ಗೆರೆಗಳಿರುತ್ತವೆ. ಅಲ್ಲಿ ಸುಳ್ಳು ಮಿಂಚುಗಳನ್ನು ತುರುಕುವುದೇ ಉಪಾಯ. ಟಿ.ವಿ.ಗೆ ಅದರಿಂದ ಏನೂ ಆಗದು. ಕಾಪಿ ಮಾಡುವ ವಿ.ಸಿ.ಆರ್. ಮಾತ್ರ ಬೆಳಕಿನ ಲೆಕ್ಕ ತಪ್ಪಿ, ಚಿತ್ರವನ್ನು ಒಮ್ಮೆ ಕಪ್ಪು, ಒಮ್ಮೆ ಬಿಳುಪು ಮಾಡುತ್ತದೆ. ಆಮೇಲೆ ಬಂದ ಕ್ಯಾಪ್ಚರ್ ಡಬ್ಬಿಗಳು ಈ ಮಿಂಚು ಕಂಡರೆ ಸಾಕು, ಕೆಲಸ ನಿಲ್ಲಿಸುತ್ತವೆ.

ಬೂಷ್ಟು ಹಿಡಿದು, ಸವೆದು, ಎಳೆದಾಡಿದ ಕ್ಯಾಸೆಟ್‌ನಲ್ಲೂ ಅದೇ ಗೆರೆಗಳು ಕೆಟ್ಟಿರುತ್ತವೆ. ಡಬ್ಬಿಗೆ ಅದು ಬೀಗದಂತೆ ಕಾಣುತ್ತದೆ. ಮುದುಕ ನಡುಗಿದರೆ ಕಳ್ಳ ಅಂದಂತೆ!

ಮದ್ದು? ಮೊದಲು ಬೂಷ್ಟು ತೆಗೆದು, ವಿ.ಸಿ.ಆರ್.ನ ಹೆಡ್ ಒರೆಸಿದೆ. ಆಮೇಲೆ ಹಳೇ ಸ್ಟುಡಿಯೋದವರೊಬ್ಬರಿಂದ ‘ಟೈಮ್ ಬೇಸ್ ಕರೆಕ್ಟರ್’ ಪೆಟ್ಟಿಗೆಯನ್ನು ಎರವಲು ತಂದು, ವಿ.ಸಿ.ಆರ್.ಗೂ ಡಬ್ಬಿಗೂ ನಡುವೆ ಜೋಡಿಸಿದೆ. ನಡುಗುವ ಗೆರೆಗಳನ್ನು ಹೊಸದಾಗಿ, ನೆಟ್ಟಗೆ ಕಟ್ಟಿ ಕಳಿಸುವುದು ಅದರ ಕೆಲಸ. ಡಬ್ಬಿ ತೆಪ್ಪಗಾಯಿತು. ಗದೆ ಹೆಗಲಿಗೇರಿಸಿ ದುರ್ಯೋಧನ ಬಂದೇ ಬಂದ! ಹುಡುಗ ಮಾತಾಡಲಿಲ್ಲ, ಪರದೆಗೆ ಕೈ ಮುಗಿದ.

ಕಪ್ಪು ಪರದೆಯ ಹೀರೋ

ಇಳಿಸಿದ ಮೇಲೂ ಕೆಲಸ ಇದೆ. ಇಲ್ಲಿ ಹೀರೋ ‘ಎಫ್‌ಎಫ್‌ಎಂಪೆಗ್’. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಶುರು ಮಾಡಿದ ಉಚಿತ ಸಾಧನ. ಬಣ್ಣದ ಗುಂಡಿಗಳಿಲ್ಲ, ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಬೇಕು. ಎಡವಿದರೆ ಎಲ್ಲಿ ಎಡವಿದೆ ಅಂತ ಅಲ್ಲೇ ಬರೆದು ತೋರಿಸುತ್ತೆ. ಅದನ್ನು ಓದದೆ ಬಿಟ್ಟವನೇ ಕೆಟ್ಟ!

ಇದರ ತಮ್ಮ ‘ಎಫ್‌ಎಫ್‌ಪ್ರೋಬ್’ನಿಂದ ಫೈಲಿನ ಜಾತಕ ಮೊದಲು ನೋಡಿ. ಓಡುವ ಪಾತ್ರದ ಅಂಚಿನಲ್ಲಿ ಬಾಚಣಿಗೆ ಹಲ್ಲು ಕಂಡರೆ ಗಾಬರಿ ಬೇಡ. ಕ್ಯಾಸೆಟ್‌ನಲ್ಲಿ ಸೆಕೆಂಡಿಗೆ 25 ಚಿತ್ರಗಳು 50 ಅರ್ಧಗಳಾಗಿ ಕೂತಿರುತ್ತವೆ. ‘ಬಿಡಬ್ಲ್ಯೂಡಿಫ್’ ಎಂಬ ಫಿಲ್ಟರ್ ಹಾಕಿದರೆ ಹಲ್ಲು ಮಾಯ. ಮೊದಲ ಪ್ರತಿಯನ್ನು ಏನೂ ನಷ್ಟವಾಗದ ‘ಎಫ್‌ಎಫ್‌ವಿ1’ ರೂಪದಲ್ಲಿ ಇಡಿ. ಮೊಬೈಲ್‌ಗೆ ಬೇಕಾದ ಸಣ್ಣ ಪ್ರತಿ ಆಮೇಲೆ ಮಾಡಿದರಾಯಿತು.

ಬೀಗವಿಲ್ಲದ್ದು, ಬೀಗವಿದ್ದದ್ದು

ವಿ.ಸಿ.ಡಿ.ಗೆ ಬೀಗವೇ ಇಲ್ಲ. ಒಂದು ಡಿಸ್ಕಿಗೆ ಸುಮಾರು 74 ನಿಮಿಷ; ಅದಕ್ಕೇ ಒಂದು ಸಿನಿಮಾ ಎರಡು ಮೂರು ಡಿಸ್ಕಿನಲ್ಲಿ ಬರುತ್ತಿತ್ತು. ಕಾಪಿ ಅರ್ಧಕ್ಕೆ ನಿಂತರೆ ಅದು ಗೀರಿನ ಕಾಟ. ವಿ.ಸಿ.ಡಿ.ಯ ವಿಡಿಯೋ ಭಾಗಕ್ಕೆ ತಪ್ಪು ತಿದ್ದುವ ಹೆಚ್ಚಿನ ರಕ್ಷಣೆ ಇಲ್ಲ. ಮಾಮೂಲಿ ಕಾಪಿ ಬಿಟ್ಟು ‘ವಿಸಿಡಿಎಕ್ಸ್‌ರಿಪ್’ನಂಥ ಸಾಧನದಲ್ಲಿ ಓದಿಸಿ ನೋಡಿ.

ಸಿನಿಮಾ ಡಿ.ವಿ.ಡಿ.ಯ ಮಾತೇ ಬೇರೆ. ಅದರಲ್ಲಿ ‘ಸಿ.ಎಸ್.ಎಸ್.’ ಎಂಬ ನಿಜವಾದ ಬೀಗ ಇರಬಹುದು. 40 ಬಿಟ್‌ನ ಕೀಲಿ. 1999ರಲ್ಲಿ ಅದನ್ನು ಒಡೆದ ತಂತ್ರಾಂಶ ಹೊರಬಂದಾಗ ನಾರ್ವೆಯ ಯಾನ್ ಯೋಹಾನ್ಸನ್‌ಗೆ ಇನ್ನೂ ಹದಿನೈದರ ಹರೆಯ! ಕೇಸು ನಡೆದು, 2003ರಲ್ಲಿ ಅವನು ಖುಲಾಸೆಯಾದ. ಕೇಳಲು ಥೇಟ್ ಸಿನಿಮಾ! ಆದರೆ ನಮ್ಮಲ್ಲಿ 2012ರಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಸೆಕ್ಷನ್ ಸೇರಿದೆ. ಹಕ್ಕು ಕದಿಯುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. “ಫಿಲಂ ಡಿಸ್ಕ್ ಐದು ಕಾಪಿ ಹೊಡ್ಕೊಡಣ್ಣ” ಎಂದು ಬರುವವರನ್ನು ಟೀ ಕುಡಿಸಿ ವಾಪಸ್ ಕಳಿಸುತ್ತೇನೆ. ಅಭಿಮಾನ ಇರೋದು ಸಿನಿಮಾ ಉಳಿಸೋಕೆ, ನಿರ್ಮಾಪಕನ ಅನ್ನ ಕಸಿಯೋಕಲ್ಲ.

ಆದರೆ ನಿಮ್ಮ ಮನೆಯ ಮದುವೆ, ನಿಮ್ಮೂರ ನಾಟಕ ನಿಮ್ಮದೇ ಸ್ವತ್ತು. ಯಂತ್ರ ‘ಬೀಗ ಇದೆ’ ಅಂದ ಮಾತ್ರಕ್ಕೆ ಕ್ಯಾಸೆಟ್ ತಿಪ್ಪೆಗೆ ಎಸೆಯಬೇಡಿ. ಕೊಳೆಯೋ, ಗೀರೋ, ಫೈಲಿನ ರೂಪವೋ, ನಿಜವಾದ ಬೀಗವೋ, ಒಂದೊಂದಾಗಿ ನೋಡಿ. ವಿ.ಸಿ.ಆರ್. ತಯಾರಿಕೆ 2016ರಲ್ಲೇ ನಿಂತಿದೆ. ಇರುವ ಯಂತ್ರಗಳೂ ಒಂದೊಂದಾಗಿ ಕಣ್ಣು ಮುಚ್ಚುತ್ತಿವೆ. ಈ ಭಾನುವಾರ ಮ್ಯಾಟಿನಿ ಬಿಟ್ಟರೂ ಪರವಾಗಿಲ್ಲ, ಒಮ್ಮೆ ಅಟ್ಟ ಹತ್ತಿ ನೋಡಿ!