ಅಟ್ಟದ ಮೇಲಿನ ಡಬ್ಬಿಗಳು

ಮಗಳ ಆರತಕ್ಷತೆಗೆಂದು ತರಿಸಿದ ತಂಪು ಪಾನೀಯದ ಡಬ್ಬಿಗಳಲ್ಲಿ ಇಪ್ಪತ್ತನಾಲ್ಕು ಉಳಿದುಬಿಟ್ಟವು. "ಇರಲಿ, ಬಂದವರಿಗಾಯಿತು" ಎಂದು ನಮ್ಮಾಕೆ ಅವನ್ನು ಅಟ್ಟಕ್ಕೇರಿಸಿದಳು. ಬಂದವರೆಲ್ಲರೂ ಕಾಫಿಯನ್ನೇ ಬಯಸಿದರು. ಹೀಗೆ ಎರಡು ಬೇಸಿಗೆಗಳು ಕಳೆದವು.

ಒಂದು ಮುಂಜಾನೆ ನೋಡುತ್ತೇವೆ, ಗೋಡೆಯ ಮೇಲೆ ಕಂದು ಬಣ್ಣದ ಧಾರೆ! ಮಾಳಿಗೆ ಸೋರುತ್ತಿದೆಯೆಂದು ಬಗೆದು ಗಾರೆಯವನನ್ನು ಕರೆಸಿದೆವು. ಅವನು ಸಾಲುಗಟ್ಟಿದ ಇರುವೆಗಳನ್ನು ತೋರಿಸಿ, "ಸ್ವಾಮಿ, ಮಳೆಯ ನೀರಿಗೆ ಇರುವೆ ಮುತ್ತುವುದುಂಟೇ?" ಎಂದು ನಕ್ಕ.

ಅಟ್ಟವನ್ನೇರಿ ನೋಡಿದರೆ ಒಂಬತ್ತು ಡಬ್ಬಿಗಳು ಬರಿದಾಗಿದ್ದವು. ಸೋಜಿಗವೆಂದರೆ, ಒಂದರ ಮುಚ್ಚಳವೂ ತೆರೆದಿರಲಿಲ್ಲ. ಅವುಗಳ ಕೆಳಗಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ತಂದೆಯವರ ಪತ್ರಗಳಿದ್ದವು.

ಈ ಪಾನೀಯಗಳಲ್ಲಿ ಸಿಟ್ರಿಕ್ ಅಥವಾ ಫಾಸ್ಫಾರಿಕ್ ಆಮ್ಲವಿರುವುದು ವಾಚಕರಿಗೆ ತಿಳಿದದ್ದೇ. ಆಮ್ಲಕ್ಕೂ ಅಲ್ಯೂಮಿನಿಯಮ್ಮಿಗೂ ಆಗಿಬರದು. ಆದಕಾರಣ ಡಬ್ಬಿಯ ಒಳಮೈಗೆ ತೆಳುವಾದ ಲೇಪನವನ್ನು ಕೊಟ್ಟಿರುತ್ತಾರೆ. 1935ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಬಿಯರನ್ನು ಮೊದಲು ಡಬ್ಬಿಯಲ್ಲಿ ಮಾರಿದಾಗಲೂ ಉಕ್ಕಿನ ಡಬ್ಬಿಗೆ ಇಂಥದೇ ಒಳಲೇಪನ ಬೇಕಾಗಿತ್ತು. ಲೇಪನದಲ್ಲಿ ಕೂದಲೆಳೆಯಷ್ಟು ಲೋಪವಿದ್ದರೂ ಆಮ್ಲವು ತಗಡನ್ನು ಕೊರೆಯತೊಡಗುತ್ತದೆ. ತಗಡಾದರೂ ಎಷ್ಟು ದಪ್ಪ? ಪಕ್ಕದ ಗೋಡೆ ಸುಮಾರು 0.1 ಮಿಲಿಮೀಟರ್! ಸೂಜಿಮೊನೆಯಷ್ಟು ರಂಧ್ರವಾದರೆ ಸಾಕು, ಒಳಗೆ ಅದುಮಿಟ್ಟ ಅನಿಲವೇ ಪಾನೀಯವನ್ನು ಹೊರದೂಡುತ್ತದೆ. ಬೇಸಿಗೆಯಲ್ಲಿ ಕಾದ ತಾರಸಿಯ ಕೆಳಗೆ ಈ ಒತ್ತಡ ಮತ್ತಷ್ಟು ಏರುತ್ತದೆ.

ಕೇಡು ಅಲ್ಲಿಗೇ ನಿಲ್ಲುವುದಿಲ್ಲ. ಹೊರಬಿದ್ದ ಅಂಟುದ್ರವ ನೆರೆಯ ಡಬ್ಬಿಗಳ ಮುಚ್ಚಳದ ಮೇಲೆ ನಿಂತು, ತೆರೆಯಲೆಂದು ಗೀರಿ ತೆಳುವಾಗಿಸಿದ ಗೆರೆಯನ್ನು ಹೊರಗಿನಿಂದ ತಿನ್ನುತ್ತದೆ. ಒಂದು ಸೋರಿದರೆ ಪೆಟ್ಟಿಗೆಯ ಉಳಿದವಕ್ಕೂ ಅಪಾಯ ತಪ್ಪಿದ್ದಲ್ಲ. ನಮ್ಮ ಗೋಲಿ ಸೋಡಾದ ಗಾಜಿಗೆ ಈ ರೋಗವಿರಲಿಲ್ಲವೆಂದು ನನ್ನ ವಯಸ್ಸಿನವರು ಹೆಮ್ಮೆಪಡಬಹುದು; ಅದು ಸಿಡಿದು ಅಂಗೈ ಕೊಯ್ದದ್ದನ್ನು ಮಾತ್ರ ಮರೆಯಬಾರದು.

ಹಿಮಪೆಟ್ಟಿಗೆಯಲ್ಲಿಟ್ಟು ಮರೆಯುವವರ ಕಥೆ ಬೇರೆ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ ಡಬ್ಬಿ ಬಿರಿಯುತ್ತದೆ.

ಡಬ್ಬಿಯ ತಳದಲ್ಲಿ ದಿನಾಂಕವನ್ನು ಮುದ್ರಿಸಿರುತ್ತಾರೆ. ನಾವು ಅದನ್ನು ಓದಿಯೇ ಇರಲಿಲ್ಲ. ಈಗ ಮನೆಯಲ್ಲಿ ಡಬ್ಬಿಗಳಿದ್ದರೆ ಅಡುಗೆಮನೆಯ ನೆಲದ ಮೇಲೆ, ಅಂಚುಳ್ಳ ತಟ್ಟೆಯಲ್ಲಿ, ಕಣ್ಣಿಗೆ ಬೀಳುವಂತೆ ಇರುತ್ತವೆ. ಒಂದು ಜಿನುಗಿದರೆ ಅದನ್ನು ಎಸೆದು, ಉಳಿದವನ್ನು ತೊಳೆದು ಒರೆಸಿ ಒಣಗಿಸುತ್ತೇವೆ. ಉಬ್ಬಿದ ಡಬ್ಬಿಯನ್ನು ತೆರೆಯುವುದೇ ಇಲ್ಲ.

ಪತ್ರಗಳನ್ನು ಒಂದೊಂದಾಗಿ ಬಿಡಿಸಿ, ನೆರಳಿನಲ್ಲಿ ಹಗ್ಗ ಕಟ್ಟಿ ಒಣಗಿಸಿದೆವು. ಶಾಯಿಯೆಲ್ಲ ಹರಡಿ ನೀಲಿಯ ಮೋಡವಾಗಿತ್ತು. ನಲವತ್ತು ಪತ್ರಗಳಲ್ಲಿ ಹನ್ನೊಂದನ್ನು ಈಗಲೂ ಓದಬಹುದು.