ಕೈಯಲ್ಲೇ ತಿನ್ನಿ
ಟೋಕಿಯೋದ ಗಿಂಜಾದಲ್ಲಿ ಹತ್ತೇ ಆಸನಗಳ ಸುಶಿ ಕೌಂಟರ್. ಕಚೇರಿ ಕೆಲಸಕ್ಕೆ ಹೋಗಿದ್ದ ನನ್ನನ್ನು ಅಲ್ಲಿನ ಸಹೋದ್ಯೋಗಿ ಕರೆದೊಯ್ದಿದ್ದರು. ಮೆನು ಇಲ್ಲ, ‘ಒಮಕಾಸೆ’ ಎಂದರೆ ಆಯ್ಕೆ ಬಾಣಸಿಗರದ್ದೇ. ಸೆಂಟ್ ಹಾಕಿಕೊಂಡು ಹೋಗಬಾರದು. ಸೋಯಾ ಸಾಸ್‌ಗೆ ಮೀನಿನ ಬದಿಯನ್ನಷ್ಟೇ ಅದ್ದಬೇಕು. ಅನ್ನದ ಬದಿ ಅದ್ದಿದರೆ ಹೀರಿಕೊಂಡು ಉದುರುತ್ತದೆ. ಶುಂಠಿ ಇರುವುದು ತುತ್ತುಗಳ ನಡುವೆ ನಾಲಿಗೆ ಶುಚಿ ಮಾಡಿಕೊಳ್ಳಲು. ಎದುರಿಗಿಟ್ಟ ತಕ್ಷಣ ತಿನ್ನಬೇಕು, ಫೋಟೋಗೆಂದು ಕಾಯಿಸಬಾರದು.

ಚಾಪ್‌ಸ್ಟಿಕ್‌ನಿಂದ ನನ್ನ ತುತ್ತು ಜಾರಿತು. ನಾಚಿಕೆಯಾಯಿತು. ಬಾಣಸಿಗರು ನಕ್ಕು ತಮ್ಮ ಬೆರಳು ತೋರಿಸಿದರು: ಕೈಯಲ್ಲೇ ತಿನ್ನಿ. 19ನೇ ಶತಮಾನದ ಎದೋ, ಅಂದರೆ ಇಂದಿನ ಟೋಕಿಯೋದ, ಬೀದಿಬದಿ ತಿಂಡಿಯಾಗಿದ್ದ ನಿಗಿರಿಯನ್ನು ಕೈಯಲ್ಲಿ ತಿನ್ನುವುದು ರೂಢಿಯೇ ಅಂತೆ.

ಯಾರಾದರೂ ನೋಡಿಯಾರೆಂದು ಮುಂಬೈಯ ಆಫೀಸ್ ಕ್ಯಾಂಟೀನಿನಲ್ಲಿ ಹತ್ತು ವರ್ಷ ಸಾರನ್ನವನ್ನು ಚಮಚದಲ್ಲಿ ತಿಂದವನು ನಾನು. ಮರಳಿದ ಸೋಮವಾರ ಡಬ್ಬಿ ಬಿಚ್ಚಿ, ಕೈ ತೊಳೆದು ಬಂದು ಅನ್ನ ಕಲಸಿದೆ.